ಕಾರ್ಮಿಕರ ಕ್ಷೇಮದಲ್ಲಿ ಗಿರಣಿಯ ಕ್ಷೇಮ ಕಂಡ ಜಮ್‌ಶೇಟ್‌ಜಿ ಟಾಟಾ

ಬೆಳಗಿನ ಲೋಕಲ್ ಗಾಡಿಯಲ್ಲಿ ಡೊಂಬಿವಲಿಯಿಂದ ಮುಂಬಯಿಯತ್ತ ಹೊರಡುವ ನಮ್ಮ ವಾಚಕರಲ್ಲಿ ಅನೇಕರು ದಿನಂಪ್ರತಿ ಕುರ್ಲಾ ನಿಲ್ದಾಣವನ್ನು ದಾಟಿಹೋಗುತ್ತಾರೆ. ಕಾಲೂರಲು ಸ್ಥಳ ದೊರೆತರೆ ಸಾಕೆಂಬ ಆ ನೂಕುನುಗ್ಗಲಿನಲ್ಲಿ ಹೊರಗಡೆ ಕಣ್ಣು ಹಾಯಿಸುವ ವ್ಯವಧಾನ ಯಾರಿಗೂ ಇರದು. ಅದೇ ಕುರ್ಲಾ–ಚುನಾಭಟ್ಟಿಯ ಪರಿಸರದಲ್ಲಿ ಸ್ವದೇಶಿ ಮಿಲ್ಲು ಎಂಬ ಬಟ್ಟೆಯ ಗಿರಣಿಯೊಂದು ನೂರು ವರ್ಷಕ್ಕೂ ಮಿಕ್ಕಿ ನಡೆದು ಕೊನೆಗೆ 2000ದಲ್ಲಿ ಬಾಗಿಲು ಮುಚ್ಚಿತು. ಅದನ್ನು ಸ್ಥಾಪಿಸಿದವರು ಜಮ್‌ಶೇಟ್‌ಜಿ ನಸರವಾನ್‌ಜಿ ಟಾಟಾ. ಉಕ್ಕಿನ ಕಾರಖಾನೆ, ತಾಜ್‌ಮಹಲ್ ಹೋಟೆಲು, ಬೆಂಗಳೂರಿನ ವಿಜ್ಞಾನ ಮಂದಿರ—ಈ ಮೂರರಿಂದ ಅವರ ಹೆಸರು ಎಲ್ಲರಿಗೂ ಪರಿಚಿತ. ಆದರೆ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮಂಥವರು ವಿಶೇಷವಾಗಿ ತಿಳಿದುಕೊಳ್ಳಬೇಕಾದ ಇನ್ನೊಂದು ಸಂಗತಿ ಅವರ ಜೀವನದಲ್ಲಿದೆ. ದುಡಿಯುವವನ ಸುಖದುಃಖಗಳನ್ನು ಗಮನಿಸದ ಉದ್ಯಮ ಕೊನೆಗೆ ತನಗೇ ನಷ್ಟವನ್ನು ತಂದುಕೊಳ್ಳುತ್ತದೆ ಎಂಬುದನ್ನು ಅವರು ಗಿರಣಿಯ ಲೆಕ್ಕಪುಸ್ತಕದಲ್ಲಿಯೇ ಕಂಡುಕೊಂಡರು. ಆ ಕಥೆಯನ್ನು ಇಲ್ಲಿ ನಿರೂಪಿಸಲು ನಾವು ಉದ್ದೇಶಿಸಿದ್ದೇವೆ.

ಬಾಲ್ಯ ಮತ್ತು ಮೊದಲ ಪೆಟ್ಟು

ಗುಜರಾತಿನ ನವಸಾರಿಯಲ್ಲಿ 1839ರ ಮಾರ್ಚ್ 3ರಂದು, ಪಾರಸಿ ಪುರೋಹಿತರ ವಂಶದಲ್ಲಿ ಜಮ್‌ಶೇಟ್‌ಜಿ ಜನಿಸಿದರು. ತಂದೆ ನಸರವಾನ್‌ಜಿಯವರು ಪೌರೋಹಿತ್ಯವನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರವನ್ನು ಹಿಡಿದವರು. ಮಗನೂ ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿ, 1858ರಲ್ಲಿ ಅದನ್ನು ಮುಗಿಸಿ ತಂದೆಯ ವ್ಯಾಪಾರವನ್ನು ಸೇರಿಕೊಂಡರು. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಈ ಮಹಾನಗರವನ್ನು ಸೇರಿದ ನಮಗೆ ಈ ಮನೆತನದ ಆರಂಭ ಅಪರಿಚಿತವೆನಿಸದು. ಮುಂದೆ ಹಾಂಗ್‌ಕಾಂಗಿನಲ್ಲಿ ಅಂಗಡಿ ತೆರೆದು, ಆ ಕಾಲದ ಅನೇಕ ಮುಂಬಯಿ ವರ್ತಕರಂತೆ, ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಅವರು ಪಳಗಿದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಭಾರತದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮುಂಬಯಿಯಲ್ಲಿ ಸಟ್ಟಾ ವ್ಯವಹಾರ ಹುಚ್ಚುಹೊಳೆಯಂತೆ ಉಕ್ಕಿ ಹರಿಯಿತು. ಯುದ್ಧ ನಿಂತ 1865ರಲ್ಲಿ ಆ ಹೊಳೆ ಒಮ್ಮೆಗೇ ಬತ್ತಿಹೋಯಿತು. ಆಗ ಲಂಡನ್ನಿನಲ್ಲಿದ್ದ ತರುಣ ಜಮ್‌ಶೇಟ್‌ಜಿಯ ಕೈಯಲ್ಲಿದ್ದ ಹತ್ತಿಯ ಹುಂಡಿಗಳಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ. ಅವರು ಸಾಲಗಾರರಿಂದ ತಲೆತಪ್ಪಿಸಿಕೊಳ್ಳದೆ, ಇದ್ದ ಸ್ಥಿತಿಯನ್ನು ಇದ್ದಂತೆ ಅವರ ಮುಂದಿಟ್ಟರು. ಈ ಸತ್ಯನಿಷ್ಠೆಯನ್ನು ಮೆಚ್ಚಿದ ಸಾಲಗಾರರು, ಮುಳುಗಿದ ವ್ಯವಹಾರದ ಲೆಕ್ಕ ತೀರಿಸುವ ಕೆಲಸವನ್ನು ವೇತನ ಕೊಟ್ಟು ಅವರಿಗೇ ಒಪ್ಪಿಸಿದರು. ಉದ್ಯಮಿಯ ನಿಜವಾದ ಬಂಡವಾಳವು ಇತರರು ಅವನ ಮೇಲೆ ಇಟ್ಟ ವಿಶ್ವಾಸವೆಂಬ ಪಾಠವನ್ನು ಅವರು ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ಕಲಿತರು.

1868ರಲ್ಲಿ ಅವರು 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರವನ್ನು ಪ್ರಾರಂಭಿಸಿದರು. ಮರುವರ್ಷ ಚಿಂಚಪೋಕಳಿಯಲ್ಲಿ ಹಾಳುಬಿದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು, ಅದನ್ನು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷ ನಡೆಸಿ ಲಾಭಕ್ಕೆ ಮಾರಿದರು. ಅನಂತರ ಇಂಗ್ಲೆಂಡಿನ ಲ್ಯಾಂಕಶೈರಿಗೆ ಹೋಗಿ ನೂಲಿನ ಉದ್ಯಮವನ್ನು ಕಣ್ಣಾರೆ ನೋಡಿ ಬಂದರು.

ನಾಗಪುರದ ಗಿರಣಿ

ಮುಂಬಯಿಯ ಇತರ ಧನಿಕರೆಲ್ಲ ಮುಂಬಯಿಯಲ್ಲಿಯೇ ಗಿರಣಿ ಕಟ್ಟುತ್ತಿದ್ದಾಗ, ಜಮ್‌ಶೇಟ್‌ಜಿಯವರು ಹತ್ತಿ ಬೆಳೆಯುವ ನಾಡನ್ನೇ ಹುಡುಕಿಕೊಂಡು ನಾಗಪುರಕ್ಕೆ ಹೋದರು. 1874ರಲ್ಲಿ ಕಂಪನಿ ಸ್ಥಾಪಿತವಾಯಿತು. ಗಿರಣಿಗೆಂದು ಆರಿಸಿದ ಸ್ಥಳವು ಕೆರೆಯ ಬಳಿಯ ಜೌಗುನೆಲ. ಅಲ್ಲಿಯ ಸಾಹುಕಾರನೊಬ್ಬನು, ಬಂಗಾರವನ್ನು ತಂದು ಕೆಸರಿನಲ್ಲಿ ಹೂಳುವ ಈ ಕೆಲಸಕ್ಕೆ ತಾನು ಹಣ ಕೊಡಲಾರೆನೆಂದು ಹೇಳಿ ಕಳುಹಿಸಿದನಂತೆ. ಮುಂದೆ ಗಿರಣಿಯ ಏಳಿಗೆಯನ್ನು ಕಂಡು ತನ್ನ ತಪ್ಪನ್ನು ಅವನೇ ಒಪ್ಪಿಕೊಂಡನೆಂದು ಪ್ರತೀತಿ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯು ಭಾರತದ ಚಕ್ರವರ್ತಿನಿಯೆಂದು ಘೋಷಿತಳಾದ ದಿನವೇ ಗಿರಣಿಯು ಆರಂಭವಾದುದರಿಂದ ಅದಕ್ಕೆ ಎಂಪ್ರೆಸ್ ಮಿಲ್ಲು ಎಂಬ ಹೆಸರಾಯಿತು. ಅದರ ಆಡಳಿತವನ್ನು ಬೇಝನ್‌ಜಿ ಮೆಹತಾ ಎಂಬವರಿಗೆ ವಹಿಸಲಾಯಿತು. ಅವರು ರೇಲ್ವೆಯಿಂದ ಬಂದವರು. ನೂಲಿನ ಉದ್ಯಮದ ಗಂಧವೂ ಅವರಿಗೆ ಇರಲಿಲ್ಲ. ಕೆಲಸವನ್ನು ಕಲಿಯಬಹುದು, ಪ್ರಾಮಾಣಿಕತೆಯನ್ನು ಕಲಿಸಲಾಗದು ಎಂಬ ಅಭಿಪ್ರಾಯದಿಂದ ಜಮ್‌ಶೇಟ್‌ಜಿಯವರು ಅವರನ್ನು ಆರಿಸಿದಂತೆ ತೋರುತ್ತದೆ. ಆ ಆಯ್ಕೆ ಸುಳ್ಳಾಗಲಿಲ್ಲ.

ಯಂತ್ರಗಳು ಬಂದವು, ಹತ್ತಿ ಬಂದಿತು. ಆದರೆ ಕೆಲಸಗಾರರು ನೆಟ್ಟಗೆ ಬರಲಿಲ್ಲ. ನಾಗಪುರದ ಸುತ್ತಲಿನ ಜನ ಹೊಲದ ದುಡಿಮೆಗೆ ಹೊಂದಿಕೊಂಡವರು. ಗಂಟೆ ಹೊಡೆದಾಗ ಒಳಗೆ ಹೋಗಿ ಗಂಟೆ ಹೊಡೆದಾಗ ಹೊರಬರುವ ಬಾಳು ಅವರಿಗೆ ಹೊಸತು. ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಗಿರಣಿಯ ಕಡೆಗೆ ಮುಖ ಹಾಕುತ್ತಿರಲಿಲ್ಲ. ಮದುವೆ, ಮುಂಜಿ, ಸುಗ್ಗಿ, ಜಾತ್ರೆ ಎಂದು ದಿನಗಳು ಕಳೆದುಹೋಗುತ್ತಿದ್ದವು. ಜನವಿಲ್ಲದೆ ನಿಂತ ಯಂತ್ರವು ಧನಿಗೆ ಎರಡು ಬಗೆಯ ನಷ್ಟವನ್ನು ತರುತ್ತದೆ. ನೂಲು ಹುಟ್ಟುವುದಿಲ್ಲವೆಂಬುದು ಒಂದು. ಯಂತ್ರಕ್ಕೆ ಹೂಡಿದ ಹಣದ ಬಡ್ಡಿ ಮಾತ್ರ ನಿಲ್ಲದೆ ಓಡುತ್ತಿರುತ್ತದೆಂಬುದು ಇನ್ನೊಂದು. ಪಳಗಿದ ಆಳಿನ ಬದಲಿಗೆ ಹೊಸಬನನ್ನು ನಿಲ್ಲಿಸಿದರೆ ದಾರ ಹರಿಯುತ್ತದೆ, ಮಾಲು ಕೆಡುತ್ತದೆ, ಅವನ ಕೈಗೂ ಅಪಾಯ.

ಆ ಕಾಲದ ಗಿರಣಿಗಳಲ್ಲಿ ಇದಕ್ಕೆ ತಿಳಿದಿದ್ದ ಔಷಧಗಳು ಎರಡೇ: ದಂಡ ಹಾಕುವುದು, ಇಲ್ಲವೇ ಕೆಲಸದಿಂದ ತೆಗೆಯುವುದು. ಜಮ್‌ಶೇಟ್‌ಜಿಯವರು ಮೂರನೆಯದನ್ನು ಹುಡುಕಿದರು. ಕೂಲಿಗಾರನು ಏತಕ್ಕೆ ಬರುವುದಿಲ್ಲ, ಬಂದವನು ಏತಕ್ಕೆ ನಿಲ್ಲುವುದಿಲ್ಲ ಎಂದು ವಿಚಾರಿಸಿದರು. ಇಂದಿನ ಕೂಲಿಯ ಹೊರತು ನಾಳೆಯ ಭರವಸೆಯಿಲ್ಲದ ಸ್ಥಳದಲ್ಲಿ ಯಾವ ಮನುಷ್ಯನೂ ಬೇರೂರಲಾರನೆಂಬುದು ಅವರ ನಿರ್ಣಯವಾಯಿತು. ಆದುದರಿಂದ 1886ರಲ್ಲಿ ಗಿರಣಿಯ ಕೆಲಸಗಾರರಿಗಾಗಿ ನಿವೃತ್ತಿವೇತನದ ನಿಧಿಯನ್ನು ಸ್ಥಾಪಿಸಿದರು. 1895ರಿಂದ ಕೆಲಸದಲ್ಲಿ ಅಪಘಾತಕ್ಕೀಡಾದವರಿಗೆ ಪರಿಹಾರ ಕೊಡುವ ಪದ್ಧತಿಯನ್ನು ತಂದರು. ವರ್ಷಕ್ಕೊಮ್ಮೆ ಕೆಲಸಗಾರರನ್ನೂ ಅವರ ಕುಟುಂಬದವರನ್ನೂ ಕರೆದು, ಆಟೋಟಗಳನ್ನು ಏರ್ಪಡಿಸಿ, ಒಳ್ಳೆಯ ಕೆಲಸಗಾರರಿಗೆ ಗಡಿಯಾರ, ಸರಪಳಿ, ನಗದು ಹಣ ಮುಂತಾದ ಬಹುಮಾನಗಳನ್ನು ಎಲ್ಲರೆದುರು ಕೊಡುವ ರೂಢಿಯನ್ನು ಬೆಳೆಸಿದರು.

ಈ ಇಸವಿಗಳ ಮಹತ್ವವನ್ನು ವಾಚಕರು ಗಮನಿಸಬೇಕು. ಅಪಘಾತಕ್ಕೆ ಪರಿಹಾರ ಕೊಡಲೇಬೇಕೆಂದು ನಮ್ಮ ದೇಶದಲ್ಲಿ ಕಾನೂನು ಬಂದುದು 1923ರಲ್ಲಿ. ಭವಿಷ್ಯನಿಧಿಯ ಶಾಸನ ಬಂದುದು 1952ರಲ್ಲಿ. ನಮ್ಮ ಸಂಬಳದ ಚೀಟಿಯಲ್ಲಿ ಪಿ.ಎಫ್. ಎಂದು ಕಾಣುವ ಬಾಬಿನ ಹಿಂದೆ ಇರುವ ವಿಚಾರವು, ಯಾವ ಸರಕಾರದ ಒತ್ತಾಯವೂ ಇಲ್ಲದೆ, ಶಾಸನಕ್ಕಿಂತ ಅರುವತ್ತಾರು ವರ್ಷ ಮೊದಲೇ ನಾಗಪುರದ ಗಿರಣಿಯಲ್ಲಿ ಆಚರಣೆಗೆ ಬಂದಿತ್ತು.

ಗಿರಣಿಯ ಒಳಗಿನ ಗಾಳಿಯ ಕಡೆಗೂ ಅವರ ಲಕ್ಷ್ಯ ಹರಿಯಿತು. ಹತ್ತಿಯ ದೂಳು ತುಂಬಿದ ಒಣ ಗಾಳಿಯಲ್ಲಿ ಮನುಷ್ಯನ ಎದೆ ಕೆಡುತ್ತದೆ, ದಾರವೂ ಬಿರುಸಾಗಿ ಹರಿಯುತ್ತದೆ. ಗಾಳಿಯಾಡಲು ವ್ಯವಸ್ಥೆ ಮಾಡಿ, ಗಾಳಿಗೆ ತೇವ ಕೊಡುವ ಯಂತ್ರಗಳನ್ನು ಅವರು ಇಡಿಸಿದರು. ಬೆಂಕಿ ಹತ್ತಿದರೆ ತಾನಾಗಿಯೇ ನೀರು ಚಿಮ್ಮುವ ಸಾಧನವನ್ನು ಹಾಕಿಸಿದರು. ಇಂಥವು ನಮ್ಮ ದೇಶದ ಗಿರಣಿಗಳಿಗೆ ಆಗ ತೀರ ಹೊಸವು. ಇವುಗಳಲ್ಲಿ ಕಾರ್ಮಿಕನ ಹಿತವೆಷ್ಟು, ಧನಿಯ ಹಿತವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನೀರಿನ ನಳಿಗೆಯು ನೂಲಿನ ಮೂಟೆಯನ್ನು ಕಾಯುತ್ತದೆ. ಮೂಟೆಯ ಪಕ್ಕದಲ್ಲಿ ನಿಂತವನ ಪ್ರಾಣವನ್ನೂ ಕಾಯುತ್ತದೆ.

ಕುರ್ಲಾದ ಅಗ್ನಿಪರೀಕ್ಷೆ

1886ರಲ್ಲಿ ಜಮ್‌ಶೇಟ್‌ಜಿಯವರು ಕುರ್ಲಾದ ಧರಮ್ಸಿ ಮಿಲ್ಲನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಕೊಂಡು, ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಬಂಗಾಳದಲ್ಲಿ ಸ್ವದೇಶಿ ಚಳವಳಿ ಹುಟ್ಟುವುದಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷಗಳಿದ್ದವು. ಬೆಲೆ ಅಗ್ಗವಾಗಿದ್ದರೂ ಕೊಂಡ ವಸ್ತು ಬಿಳಿಯಾನೆಯಾಗಿ ಪರಿಣಮಿಸಿತು. ಯಂತ್ರಗಳು ಸವೆದಿದ್ದವು. ಪಳಗಿದ ಕೆಲಸಗಾರರು ಸಾಲುತ್ತಿರಲಿಲ್ಲ. ಅಲ್ಲಿಂದ ಚೀನ ದೇಶಕ್ಕೆ ಹೋದ ನೂಲು ಕೆಟ್ಟ ಹೆಸರು ತಂದಿತು. ಷೇರುಗಳ ಬೆಲೆ ಇಳಿಯಿತು; ಟಾಟಾ ಮುಳುಗಿದರೆಂದು ಪೇಟೆಯಲ್ಲಿ ಗುಸುಗುಸು ಹಬ್ಬಿತು.

ಈ ಸಂಕಟದಲ್ಲಿ ಅವರು ತಮ್ಮ ಸ್ವಂತ ಹಣವನ್ನು ಸುರಿದರು. ಎಂಪ್ರೆಸ್ ಮಿಲ್ಲಿನ ತಮ್ಮ ಷೇರುಗಳಲ್ಲಿ ಕೆಲವನ್ನು ಮಾರಿದರು. ಅದಕ್ಕಿಂತ ಹೆಚ್ಚಾಗಿ, ನಾಗಪುರದಿಂದ ನುರಿತ ಕೆಲಸಗಾರರನ್ನು ಕುರ್ಲಾಕ್ಕೆ ಕರೆಯಿಸಿಕೊಂಡರು. ಹತ್ತು ವರ್ಷ ಒಂದೇ ಗಿರಣಿಯಲ್ಲಿ ನಿಂತು ಕೆಲಸ ಕಲಿತ ಜನ ಇದ್ದುದರಿಂದಲೇ ಇನ್ನೊಂದು ಗಿರಣಿಯನ್ನು ಮೇಲೆತ್ತುವುದು ಸಾಧ್ಯವಾಯಿತು. ನಾಗಪುರದಲ್ಲಿಯೂ ದಂಡ ಹಾಕಿ ಓಡಿಸುವ ಪದ್ಧತಿಯೇ ಇದ್ದಿದ್ದರೆ ಆ ಹೊತ್ತಿಗೆ ಕರೆಯಲು ಯಾರಿರುತ್ತಿದ್ದರು? ಕೆಲವು ವರ್ಷಗಳಲ್ಲಿ ಸ್ವದೇಶಿಯ ನೂಲು ಪೂರ್ವದೇಶಗಳ ಪೇಟೆಯಲ್ಲಿ ಕಳೆದುಕೊಂಡ ಹೆಸರನ್ನು ಮರಳಿ ಪಡೆಯಿತು.

ಇಷ್ಟಕ್ಕೇ ಅವರನ್ನು ದೇವರ ಪೀಠದಲ್ಲಿ ಕುಳ್ಳಿರಿಸುವುದು ನಮ್ಮ ಉದ್ದೇಶವಲ್ಲ. ಆ ಕಾಲದ ಎಲ್ಲ ಗಿರಣಿಗಳಂತೆ ಅವರ ಗಿರಣಿಗಳಲ್ಲಿಯೂ ದುಡಿಮೆಯ ದಿನ ದೀರ್ಘವಾಗಿತ್ತು. ಅವರ ಪ್ರಯತ್ನಗಳೆಲ್ಲವೂ ಫಲಿಸಿದವೆಂದೂ ಅಲ್ಲ. 1893ರಲ್ಲಿ ಜಪಾನಿನ ಹಡಗು ಕಂಪನಿಯೊಡನೆ ಕೂಡಿ, ಇಂಗ್ಲಿಷರ ಹಡಗು ಕಂಪನಿಯ ಏಕಸ್ವಾಮ್ಯವನ್ನು ಮುರಿಯಲು ಹೊರಟಾಗ, ಎದುರಾಳಿಯು ಸಾಗಣೆಯ ದರವನ್ನು ನೆಲಕ್ಕಿಳಿಸಿ ಅವರನ್ನು ಸೋಲಿಸಿತು. ಮಾಲಿಕನ ಒಳ್ಳೆಯತನ ಎಲ್ಲ ನಷ್ಟಕ್ಕೂ ರಾಮಬಾಣವಲ್ಲ. ತನ್ನ ಬಾಗಿಲಿನ ಒಳಗೆ ಹುಟ್ಟುವ ನಷ್ಟವನ್ನು ಮಾತ್ರ ಅದು ತಡೆಯಬಲ್ಲದು. ಆದರೆ ಬಹಳಷ್ಟು ಉದ್ಯಮಗಳು ಕೆಡುವುದು ಒಳಗಿನಿಂದಲೇ ಎಂಬುದನ್ನು ಮರೆಯಲಾಗದು.

ಬೆಂಗಳೂರು ಮತ್ತು ತಾಜ್

ಸಂಪಾದನೆಯ ಕಾಲ ಮುಗಿಯುತ್ತ ಬಂದಂತೆ ಜಮ್‌ಶೇಟ್‌ಜಿಯವರ ದೃಷ್ಟಿ ದೇಶದ ಕಡೆಗೆ ವಿಸ್ತರಿಸಿತು. 1892ರಲ್ಲಿ ಭಾರತೀಯ ವಿದ್ಯಾರ್ಥಿಗಳು ಪರದೇಶಗಳಲ್ಲಿ ಉನ್ನತ ಶಿಕ್ಷಣ ಪಡೆಯಲೆಂದು ನಿಧಿಯೊಂದನ್ನು ಸ್ಥಾಪಿಸಿದರು. ಅನಂತರ ಭಾರತದಲ್ಲಿಯೇ ವಿಜ್ಞಾನದ ಸಂಶೋಧನೆ ನಡೆಯಬೇಕೆಂದು ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಆಸ್ತಿಯನ್ನು ತೆಗೆದಿಟ್ಟರು. ಆ ಸಂಸ್ಥೆಗೆ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಮಂದಿರ ಸ್ಥಾಪಿತವಾಯಿತು. ಬೆಂಗಳೂರಿನ ಜನ ಅದನ್ನು ಬಹುಕಾಲ ಟಾಟಾ ಇನ್ಸ್‌ಟಿಟ್ಯೂಟ್ ಎಂದೇ ಕರೆದರು. ಅದೇ ನಗರದಲ್ಲಿ ಅವರು ಜಪಾನಿನ ಪದ್ಧತಿಯಂತೆ ರೇಷ್ಮೆಯ ತೋಟವೊಂದನ್ನೂ ನಡೆಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇನ್ನೂ ಉಳಿದಿರುವುದನ್ನು ಬೆಂಗಳೂರು ಬಲ್ಲವರು ಬಲ್ಲರು.

ಹೋಟೆಲ್ ಬಂಧುಗಳಿಗೆ ಪ್ರಿಯವಾಗಬಹುದಾದ ಸಂಗತಿ ಇನ್ನೊಂದಿದೆ. ವಿಜ್ಞಾನ ಮಂದಿರ, ಉಕ್ಕಿನ ಕಾರಖಾನೆ, ವಿದ್ಯುತ್ತು ಎಂದು ಮಾತನಾಡುವ ಸಹೋದರನು ಊಟದ ಖಾನಾವಳಿಯನ್ನು ತೆರೆಯಹೊರಟನೆಂದು ಕೇಳಿ ಮನೆಯ ಹೆಣ್ಣುಮಕ್ಕಳು ಅಚ್ಚರಿಪಟ್ಟು ಹಾಸ್ಯ ಮಾಡಿದರಂತೆ. ಜಮ್‌ಶೇಟ್‌ಜಿಯವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1903ರ ಡಿಸೆಂಬರ್ 16ರಂದು ತಾಜ್‌ಮಹಲ್ ಹೋಟೆಲು ತೆರೆಯಿತು. ಅತಿಥಿಗೆ ಅನ್ನವಿಟ್ಟು ಸತ್ಕರಿಸುವ ವೃತ್ತಿಯು ಉಕ್ಕು ಕಾಯಿಸುವ ವೃತ್ತಿಗಿಂತ ಕಿರಿದಲ್ಲವೆಂಬ ಭಾವನೆ ಅವರಲ್ಲಿತ್ತೆಂದು ನಾವು ತಿಳಿಯಬಹುದು. 2008ರ ನವೆಂಬರ್ 26ರ ರಾತ್ರಿ ಆ ಹೋಟೆಲಿನ ಮೇಲೆ ಭಯೋತ್ಪಾದಕರು ದಾಳಿ ಮಾಡಿದಾಗ, ಅಡಿಗೆಮನೆಯ ಕೆಲಸಗಾರರೂ ಸೇರಿ ಅನೇಕ ನೌಕರರು ಓಡಿಹೋಗದೆ ಅತಿಥಿಗಳನ್ನು ಕಾಪಾಡಲು ನಿಂತರು; ಕೆಲವರು ಅಲ್ಲಿಯೇ ಪ್ರಾಣ ತೆತ್ತರು. ಆ ನಿಷ್ಠೆಗೆ ಸಂಬಳದ ಲೆಕ್ಕದಲ್ಲಿ ಬೆಲೆ ಕಟ್ಟಲಾಗದು.

ಉಕ್ಕಿನ ಕಾರಖಾನೆಯನ್ನು ಅವರು ಕಣ್ಣಾರೆ ಕಾಣಲಿಲ್ಲ. ಆದರೆ ಅದು ಕಟ್ಟುವುದಕ್ಕೆ ಎಷ್ಟೋ ಮೊದಲೇ, 1902ರಲ್ಲಿ, ಮಗ ದೋರಾಬ್‌ಜಿಗೆ ಬರೆದ ಪತ್ರದಲ್ಲಿ ಕಾರ್ಮಿಕರ ಊರು ಹೇಗಿರಬೇಕೆಂದು ವಿವರಿಸಿದ್ದರು. ಅಗಲವಾದ ಬೀದಿಗಳು, ನೆರಳಿನ ಮರಗಳು, ಆಟದ ಬಯಲು, ದೇವಸ್ಥಾನ, ಮಸೀದಿ, ಇಗರ್ಜಿಗಳಿಗೆ ಸ್ಥಳ—ಇವೆಲ್ಲವೂ ಅದರಲ್ಲಿದ್ದವು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬಲ್ಲಿ ಅವರು ತೀರಿಕೊಂಡರು. 1907ರಲ್ಲಿ ಉಕ್ಕಿನ ಕಂಪನಿ ಸ್ಥಾಪಿತವಾಯಿತು. 1912ರಲ್ಲಿ ಅಲ್ಲಿ ಎಂಟು ಗಂಟೆಯ ದುಡಿಮೆಯ ದಿನ ಜಾರಿಗೆ ಬಂದಿತು. 1919ರಲ್ಲಿ ಊರಿಗೆ ಜಮ್‌ಶೇಡ್‌ಪುರವೆಂದು ಅವರ ಹೆಸರಾಯಿತು. ಅಲ್ಲಿಯೂ 1920ರಲ್ಲಿಯೂ 1928ರಲ್ಲಿಯೂ ದೊಡ್ಡ ಮುಷ್ಕರಗಳಾದವು. ಮಾಲಿಕನ ಔದಾರ್ಯ ಎಷ್ಟೇ ಇರಲಿ, ಕೇಳುವ ಬಾಯಿ ಕಾರ್ಮಿಕನಿಗೂ ಇರಬೇಕೆಂಬುದಕ್ಕೆ ಇದು ಸಾಕ್ಷಿ. 1982ರ ಮುಂಬಯಿ ಗಿರಣಿ ಮುಷ್ಕರವನ್ನು ಕಂಡ ನಮ್ಮ ಹಿರಿಯರಿಗೆ, ಎರಡು ಪಕ್ಷಗಳ ನಡುವೆ ಮಾತು ಮುರಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಕುರ್ಲಾದ ಸ್ವದೇಶಿ ಮುಚ್ಚಿದ ಮೇಲೆ ಅಲ್ಲಿಯ ಕಾರ್ಮಿಕರು ತಮ್ಮ ಬಾಕಿಗಾಗಿ ವರ್ಷಗಟ್ಟಲೆ ಕಾದರು. ಸ್ಥಾಪಕನ ಹೆಸರಿನ ಬಲದಿಂದಲೇ ಸಂಸ್ಥೆಯೊಂದು ಎಂದೆಂದಿಗೂ ನಡೆಯಲಾರದು. ಅವನು ಮಾಡಿದ ಕೆಲಸವನ್ನು ಪ್ರತಿ ತಲೆಮಾರೂ ಹೊಸದಾಗಿ ಮಾಡಬೇಕಾಗುತ್ತದೆ.

ನಮ್ಮ ಮನೆಯಂಗಳದ ಮಾತು

ಇಂದು ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪನಿ ಶಾಸನವು ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ತನ್ನ ನೌಕರರಿಗಾಗಿಯೇ ಮಾಡಿದ ವೆಚ್ಚವು ಈ ಲೆಕ್ಕಕ್ಕೆ ಸೇರದು. ಅದು ದಾನವಲ್ಲ, ಉದ್ಯಮದ ಸಾಮಾನ್ಯ ಕರ್ತವ್ಯವೆಂದು ಶಾಸನದ ಭಾವನೆ. ಜಮ್‌ಶೇಟ್‌ಜಿಯವರ ಪದ್ಧತಿಯೂ ಅದೇ. ನಾಗಪುರದ ನಿವೃತ್ತಿ ನಿಧಿಯನ್ನು ಅವರು ದಾನವೆಂದು ಎಣಿಸಲಿಲ್ಲ. ಎಂಜಿನಿನ ಕಲ್ಲಿದ್ದಲಿನಂತೆ, ಗಿರಣಿ ನಡೆಯಲು ಬೇಕಾದ ವೆಚ್ಚವೆಂದು ಎಣಿಸಿದರು. ಲಾಭ ಬಂದ ಮೇಲೆ ಕೊಡುವುದು ಒಂದು ಬಗೆ. ಲಾಭವನ್ನು ಗಳಿಸುವ ಕ್ರಮದಲ್ಲಿಯೇ ನ್ಯಾಯವನ್ನು ಸೇರಿಸುವುದು ಇನ್ನೊಂದು ಬಗೆ. ನಷ್ಟವನ್ನು ತಡೆಯುವ ಶಕ್ತಿ ಇರುವುದು ಈ ಎರಡನೆಯದಕ್ಕೆ.

ಈ ವ್ಯತ್ಯಾಸದ ಬೆಲೆಯನ್ನು ಡೊಂಬಿವಲಿಯ ಜನರಿಗೆ ತಿಳಿಸಿಕೊಡಬೇಕಾಗಿಲ್ಲ. 2016ರ ಮೇ 26ರಂದು ನಮ್ಮ ಔದ್ಯೋಗಿಕ ವಸಾಹತಿನ ರಾಸಾಯನಿಕ ಕಾರಖಾನೆಯೊಂದರಲ್ಲಿ ಸ್ಫೋಟವಾಗಿ ಹತ್ತಕ್ಕಿಂತ ಹೆಚ್ಚು ಮಂದಿ ಮಡಿದರು. ದೂರದೂರದ ಮನೆಗಳ ಕಿಟಕಿಯ ಗಾಜುಗಳು ಪುಡಿಯಾದವು. ಎಂಟು ವರ್ಷ ಕಳೆಯುವಷ್ಟರಲ್ಲಿ, 2024ರ ಮೇ 23ರಂದು, ಅದೇ ವಸಾಹತಿನ ಇನ್ನೊಂದು ಕಾರಖಾನೆಯಲ್ಲಿ ಮತ್ತೊಂದು ಸ್ಫೋಟವಾಗಿ ಮತ್ತೆ ಅನೇಕರ ಪ್ರಾಣ ಹೋಯಿತು. ಹೋದ ಜೀವಗಳನ್ನು ಯಾವ ಪರಿಹಾರವೂ ಮರಳಿ ತರದು. ಆ ಮಾತನ್ನು ಬದಿಗಿಟ್ಟು ಬರಿಯ ವ್ಯಾಪಾರದ ಕಣ್ಣಿನಿಂದ ನೋಡಿದರೂ ಒಂದು ಕ್ಷಣದಲ್ಲಿ ಕಟ್ಟಡ, ಯಂತ್ರ, ಮಾಲು, ಹೆಸರು ಎಲ್ಲವೂ ಬೂದಿಯಾಗುತ್ತವೆ. ನೆರೆಹೊರೆಯ ಕಾರಖಾನೆಗಳೂ ಹಾನಿಗೀಡಾಗುತ್ತವೆ. ಬೆಂಕಿ ಆರಿಸುವ ಸಾಧನಕ್ಕೆ ಹಣ ಹಾಕಿದ ನಾಗಪುರದ ಗಿರಣಿಯ ಧನಿಯು ಈ ಲೆಕ್ಕವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮಾಡಿ ಮುಗಿಸಿದ್ದರು.

ನಮ್ಮ ಹೋಟೆಲುಗಳ ವಿಷಯವೂ ಇದಕ್ಕಿಂತ ಬೇರೆಯಲ್ಲ. ಊರಿನ ಕೋಲಕ್ಕೋ ತಂಗಿಯ ಮದುವೆಗೋ ಹೋದ ಮಾಣಿ ತಿರುಗಿ ಬರುವುದಿಲ್ಲವೆಂದು ಯಜಮಾನರು ದೂರುತ್ತಾರೆ. ಹಳೆಯ ಅಡಿಗೆಯವನು ಬಿಟ್ಟುಹೋದನೆಂದರೆ ಸಾಂಬಾರಿನ ರುಚಿ ಕೆಡುತ್ತದೆ; ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗುತ್ತಾರೆ; ಗಲ್ಲಾಪೆಟ್ಟಿಗೆ ಹಗುರಾಗುತ್ತದೆ. ಮಲಗಲು ಗಾಳಿಯಾಡುವ ಸ್ಥಳ, ಕೈ ಸುಟ್ಟುಕೊಂಡಾಗ ವೈದ್ಯನ ಖರ್ಚು, ಕಲಿಯುವ ಹುಡುಗನಿಗೆ ರಾತ್ರಿ ಶಾಲೆಗೆ ಹೋಗಲು ಒಂದೆರಡು ಗಂಟೆಯ ಬಿಡುವು, ಸಂಬಳದಲ್ಲಿ ಮುದಿಕಾಲಕ್ಕೆಂದು ಕೂಡಿಡುವ ಒಂದು ಪಾಲು—ಇವುಗಳನ್ನು ಕೊಟ್ಟ ಯಜಮಾನರ ಹೋಟೆಲುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತು ದುಡಿದವರನ್ನು ನಾವು ಕಂಡಿದ್ದೇವೆ. ಇಂದು ತಟ್ಟೆ ಎತ್ತುವ ಹುಡುಗ ನಾಳೆ ಸ್ವಂತ ಹೋಟೆಲು ತೆರೆಯುವುದು ನಮ್ಮ ಸಮಾಜದಲ್ಲಿ ಅಪರೂಪವಲ್ಲ. ಅಂಥ ದಿನ ಒದಗಿದಾಗ ತಾನು ನಿದ್ದೆಗೆಟ್ಟ ರಾತ್ರಿಗಳನ್ನು ಅವನು ಮರೆಯದಿರಲಿ.

ಜಮ್‌ಶೇಟ್‌ಜಿ ಟಾಟಾ ಕೋಟ್ಯಧೀಶರು. ನಾವು ತಿಂಗಳ ಕೊನೆಯನ್ನು ಎಣಿಸುವವರು. ಆದರೂ ನಾಗಪುರದಲ್ಲಿ ಅವರು ಕೇಳಿಕೊಂಡ ಪ್ರಶ್ನೆಯನ್ನು ನಾಲ್ಕು ಮೇಜಿನ ಉಪಾಹಾರಗೃಹದ ಯಜಮಾನರೂ ಕೇಳಿಕೊಳ್ಳಬಹುದು. ಆಳು ಏತಕ್ಕೆ ಬರಲಿಲ್ಲವೆಂದು ಸಿಟ್ಟಾಗುವ ಮೊದಲು, ಬಂದವನು ನಿಲ್ಲುವಂತೆ ನಾವು ಏನು ಮಾಡಿದ್ದೇವೆ ಎಂದು ಕೇಳಿಕೊಂಡರೆ ಸಾಕು. ನಾಳೆ ಬೆಳಗ್ಗೆ ಗಾಡಿಯು ಕುರ್ಲಾವನ್ನು ದಾಟುವಾಗ, ನಿಲ್ಲಲು ಸ್ಥಳ ಸಿಕ್ಕ ವಾಚಕರು ಈ ಮಾತನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಂಡರೆ ನಮ್ಮ ಶ್ರಮ ಸಾರ್ಥಕ.